ಅತ್ತಿಗೆಯ ಓವನ್ನಿನಲ್ಲಿ ಎಂಜಿನ್ನು

ನಮ್ಮ ಲೊಮೆಲ್ ಊರಿನ ಬೈಕ್ ರೇಸ್ ಟ್ರ್ಯಾಕ್ ಎಂದರೆ ಬರೀ ಮರಳು. ಅದು ಎಂಜಿನ್ನಿನೊಳಗೂ ನುಗ್ಗುತ್ತದೆ. ಅದಕ್ಕೇ ನನ್ನ ಅತ್ತಿಗೆ ಹಿಲ್ಡೆ ಪ್ರತಿ ಚಳಿಗಾಲ ತಮ್ಮ ಹಳೆಯ ಟೂ ಸ್ಟ್ರೋಕ್ ರೇಸ್ ಬೈಕಿನ ಎಂಜಿನ್ ಬಿಚ್ಚಿ ಅಡುಗೆಮನೆಯ ಮೇಜಿನ ತುಂಬ ಹರಡಿಕೊಳ್ಳುತ್ತಾರೆ. ಅಷ್ಟು ದಿನವೂ ನಮ್ಮಣ್ಣ ಯೂಲ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಾನೆ. ಇಂಥ ಗಂಡ ನಮ್ಮ ವಂಶದಲ್ಲಿ ಇನ್ನೊಬ್ಬನಿಲ್ಲ.

ಈ ಸಲ ನಾನು ಸಹಾಯಕ್ಕೆಂದು ಸುತ್ತಿಗೆ ಹಿಡಿದು ಹೋದೆ. ಭಾನುವಾರದ ಚೆರ್ರಿ ವ್ಲಾಯಿ ಎಂಬ ಹಣ್ಣಿನ ಸಿಹಿತಿಂಡಿ ಬೇಯುವ ಓವನ್ನಿನಲ್ಲಿ ಎಂಜಿನ್ನಿನ ಅಲ್ಯುಮಿನಿಯಂ ಕವಚ ಬೇಯುತ್ತಿತ್ತು. ಆ ಕವಚದ ಕುಳಿಯಲ್ಲಿ ಕೂರಿಸಬೇಕಾದ ಹೊಸ ಬೇರಿಂಗ್ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಕೆಳಗಿತ್ತು.

"ಇಷ್ಟೆಲ್ಲ ಯಾಕತ್ತಿಗೆ? ನಾಲ್ಕೇಟು ಹಾಕಿದ್ರೆ ಒಳಗೆ ಕೂರುತ್ತೆ," ಎಂದೆ.

"ನೀನು ಬಡಿದಿದ್ದು ಸಾಕು, ಮಾರಾಯ. ನಿನ್ನ ಬೈಕ್ ಈಗೆಲ್ಲಿದೆ, ತುಕ್ಕು ಹಿಡಿದು ಕೋಳಿಗೂಡಿನ ಪಕ್ಕ ತಾನೆ? ಸುತ್ತಿಗೆ ಆಚೆ ಇಟ್ಟು ಬಾ."

ಅತ್ತಿಗೆ ಬಟ್ಟೆ ಹಿಡಿದು ಕವಚವನ್ನು ಹೊರತೆಗೆದು, ಕಾದಿದೆಯೇ ಎಂದು ನೋಡಲು ಅದರ ಮೇಲೆ ಒಂದು ಹನಿ ನೀರು ಚಿಮುಕಿಸಿದರು. ಚುರ್ರೆಂದಿತು. ಹಿಮ ಹಿಡಿದು ಬೆಳ್ಳಗಾಗಿದ್ದ ಬೇರಿಂಗನ್ನು ಕುಳಿಯ ಮೇಲೆ ನೇರಕ್ಕೆ ಹಿಡಿದು ಬೆರಳು ಸಡಿಲಿಸಿದರು. ಬಿಸಿಗೆ ಹಿಗ್ಗಿದ ಕುಳಿಯೊಳಗೆ ಚಳಿಗೆ ಕುಗ್ಗಿದ ಬೇರಿಂಗ್ ತಾನಾಗಿ ಜಾರಿ, ತಳ ಮುಟ್ಟಿ, ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ನಾನು ಬೇರಿಂಗನ್ನು ಬಟ್ಟೆಯಲ್ಲಿ ಹಿಡಿದು ಎಳೆದು ನೋಡಿದೆ. ಅಲುಗಲಿಲ್ಲ. ಚರ್ಚಿನಲ್ಲೂ ಬಾಗದ ನನ್ನ ತಲೆ ಆ ಕವಚದ ಮುಂದೆ ಬಾಗಿತು.

ಹಿಂದೆ ತಿರುಗಿದರೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದ ಅಣ್ಣನ ಕೆನ್ನೆ ತುತ್ತಿನಿಂದ ಉಬ್ಬಿಕೊಂಡೇ ಇತ್ತು. ಅದನ್ನು ನುಂಗಿ ಹೇಳಿದ:

"ಮದುವೆ ಆದಾಗಿಂದ ಪ್ರತಿ ವರ್ಷ ನೋಡ್ತಿದ್ದೀನಿ ಕಣೋ. ಆ ಟಕ್ ಕೇಳಿ, ಬೇರಿಂಗ್ ಅಲುಗಲ್ಲ ಅಂತ ಗೊತ್ತಾಗೋವರೆಗೂ ಗಂಟಲಲ್ಲಿ ಏನೂ ಇಳಿಯಲ್ಲ."