ಟಾಕಿ ಮುಚ್ಚಳದ ಕುಂಕುಮ

ಇವತ್ತು ಫಸ್ಟ್ ಇಯರ್ ಇಂಜಿನಿಯರಿಂಗ್ ಲ್ಯಾಬಿನ ಪೆಟ್ರೋಲ್ ವಾಸನೆಗೆ ಬೇವೂರಿನ ಅಜ್ಜನ ಮನೆ ಅಂಗಳ ನೆನಪಾಯ್ತು.

ಮುತ್ತಜ್ಜ ನಿಜಾಮರ ಕಾಲದಾಗ ಓಡಿಸಿದ ಮೋಟಾರ್‌ಸೈಕಲ್ಲನ್ನು ಅಜ್ಜ ಹೋದ ವರ್ಷ ನನ್ನ ಹಾಸ್ಟೆಲ್ ರಜೆ ತುಂಬ ಬಿಚ್ಚಿ ಜೋಡಿಸಿದ್ದ. ಓಡದಿದ್ದರೆ ಕಾಕಾ ಅದನ್ನು ಗುಜರಿಗೆ ಹಾಕುವವನಿದ್ದ. ಅಜ್ಜಿ ಪೂಜೆ ಮಾಡಿದಳು. ಗಾಡಿ ಊರ ಅಗಸಿ ಬಾಗಿಲ ತನಕ ಓಡಿ ನಿಂತಿತು.

“ಗುಜರಿಯವಗ ಬಾ ಅನ್ಲೇನಪ್ಪಾ?” ಕಾಕಾ ನಕ್ಕ.

ಅಜ್ಜ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದ. ಟಾಕಿ ಗಾಳಿ ಒಳಗೆಳೆದು ಸುಸ್ಸೆಂದಿತು. ಮುಚ್ಚಳದ ಗಾಳಿತೂತಿಗೆ ಅಜ್ಜಿಯ ಹಸಿ ಕುಂಕುಮ ಮೆತ್ತಿಕೊಂಡು ಗಾಳಿ ಹೋಗದೆ, ಪೆಟ್ರೋಲ್ ಎಂಜಿನ್ನಿಗೆ ಇಳಿಯುತ್ತಿರಲಿಲ್ಲ. ಸೂಜಿಯಿಂದ ಬಿಡಿಸಿದ. ಗಾಡಿ ಹೊಲದ ತನಕ ಹೋಗಿ ಬಂತು.

“ಏನಾಗಿತ್ರಿ?” ಅಜ್ಜಿ ಗಾಬರಿಯಿಂದ ಕೇಳಿದಳು.

“ಏನಿಲ್ಲ ಬಿಡು. ನಿನ್ನ ಪೂಜಿ ಛಲೋ ಆಗೇತಿ. ಮುಂದಿನ ಸಲ ಕುಂಕುಮ ಲೈಟಿಗೆ ಹಚ್ಚು.”

ಇವತ್ತು ಲ್ಯಾಬಿನಲ್ಲಿ ಪಾರ್ಟ್ನರ್ ನಟ್ಟು ತಪ್ಪಾಗಿ ಕೂಡಿಸಿ ಹೆದರಿ ನಿಂತಿದ್ದ. ಯಾರಿಗೂ ಹೇಳದೆ ಇಬ್ಬರೂ ಸೇರಿ ಸರಿಮಾಡಿದೆವು. ಥ್ಯಾಂಕ್ಸ್, ಅಜ್ಜಾ.