ಹುಳದ ಮನೆಯ ಹೊಸ್ತಿಲು

"ಅಲ್ಲೇ ನಿಂತ್ಕೊ ಮಗ, ಒಳೀಕ್ ಬರ್‍ಬ್ಯಾಡ!"

ಸಾತನೂರಿನಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತ ಇದು. ಧಾರವಾಡದ ಕಡೆಯಿಂದ ಬಂದು, ರೇಷ್ಮೆ ಹುಳು ಸಾಕುವ ಹೆಂಗಸರ ಸಂಘಕ್ಕೆ ಸಂಯೋಜಕಿಯಾಗಿ ಸೇರಿದ್ದೆ. ಸಂಘದ ಹಿರಿಯರಾದ ಜಯಮ್ಮ ಹುಳದ ಮನೆಯ ಬಾಗಿಲಿಗೆ ಕೈ ಅಡ್ಡ ಹಿಡಿದು ಮೂಗರಳಿಸಿದರು.

"ಸೊಳ್ಳೆ ಬತ್ತಿ ಹಚ್ಚಿದ್ದಾ? ಬಟ್ಟೆಲೆಲ್ಲ ವಾಸ್ನೆ ಐತೆ. ಹುಳ ಸತ್ತೋಯ್ತವೆ!"

ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ನೀರು, ಬೆಲ್ಲ ಕೊಟ್ಟ ಮೇಲೇ ಮಾತು. ಇಲ್ಲಿ ಕೆಲಸಕ್ಕೆ ಬಂದವಳನ್ನೇ ಅಂಗಳದಲ್ಲಿ ನಿಲ್ಲಿಸಿದ್ದರು.

ರೊಟ್ಟಿ ಅಗಿದು ಬೆಳೆದವಳು ಮುದ್ದೆ ನುಂಗಲು ಕಲಿತೆ. 'ಒಸಿ' ಎಂದರೆ ಸ್ವಲ್ಪ ಅಂತಲೂ ಕಲಿತೆ. ಹುಳದ ಮನೆಯೊಳಗೆ ಮಾತ್ರ ಪ್ರವೇಶ ಸಿಗಲಿಲ್ಲ.

ಸಂಘದ ಜನರ ನಕ್ಷೆ ಬರೆಯುವುದು ನನ್ನ ಮೊದಲ ಕೆಲಸ. ಯಾರು ಒಳಗಿನವರು, ಯಾರು ಹೊರಗಿನವರು, ಅವರ ಜೊತೆ ನಮ್ಮ ಸಂಬಂಧ ಹೇಗಿದೆ ಎಂದು ತೋರಿಸಬೇಕಿತ್ತು. ಎಲ್ಲರನ್ನೂ ಸೇರಿಸಿ ಅಂಗಳದಲ್ಲಿ ಸೀಮೆಸುಣ್ಣದಿಂದ ದೊಡ್ಡ ಸುತ್ತು ಹಾಕಿದೆ. ಹುಳುವಿನ ಮೊಟ್ಟೆ ಕೊಡುವವರು, ರೇಷ್ಮೆಗೂಡು ಕೊಳ್ಳುವ ರಾಮನಗರದ ಸಾಬರು ಹೊರಗೆ. ದಿನಾ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವ ಜಯಮ್ಮನ ಗಂಡ ಕೆಂಪಣ್ಣನ ಹೆಸರು ಒಳಗೆ ಬರೆದೆ. ಜಯಮ್ಮ ಆ ಹೆಸರನ್ನು ಕಾಲಲ್ಲಿ ಒರೆಸಿಬಿಟ್ಟರು.

"ಅವ್ರು ಆಚೆ."

"ನಿಮ್ಮ ಯಜಮಾನರಲ್ವಾ!"

"ಹೊಗೆಸೊಪ್ಪು ಹಾಕ್ತಾರೆ ಕಣವ್ವ. ಹುಳ ಇರೋಗಂಟ ಜಗಲೀಲೇ ಊಟ, ಜಗಲೀಲೇ ನಿದ್ದೆ. ಸಂಬಂಧ ಬ್ಯಾರೆ, ಒಳೀಕ್ ಬರೋದ್ ಬ್ಯಾರೆ."

ಜಗಲಿಯಲ್ಲಿ ಕೂತಿದ್ದ ಕೆಂಪಣ್ಣ ಬೇಜಾರೇ ಇಲ್ಲದೆ ನಕ್ಕರು. ನಾನು ದಂಗಾಗಿ ಹೋದೆ.

"ಹಾಗಾದ್ರೆ ನಾನು?" ಎಂದೆ. ತಮಾಷೆಗೆಂಬಂತೆ ಕೇಳಿ, ಸೀಮೆಸುಣ್ಣವನ್ನು ಅವರತ್ತ ಚಾಚಿದೆ.

ಜಯಮ್ಮ ಗೆರೆಯ ಆಚೆಗೆ ಕೈ ತೋರಿಸಿದರು. "ಬತ್ತಿ ಬುಡು. ಆಮ್ಯಾಕೆ ನೋಡುವ."

ಬತ್ತಿ ಬಿಟ್ಟೆ. ಸೊಳ್ಳೆಗಳು ಹಬ್ಬ ಮಾಡಿದವು. ಪೌಡರು, ಸೆಂಟು ಎಲ್ಲ ಬಿಟ್ಟೆ. ಮುಂದಿನ ಸಲ ಹುಳು ಬಂದಾಗ ಜಯಮ್ಮ ಬಳಿ ಬಂದು ಮೂಸಿ ನೋಡಿ, ಸೊಪ್ಪಿನ ಪುಟ್ಟಿಯನ್ನು ಕೈಗಿಟ್ಟರು. "ಕಾಲ್ ತೊಳ್ಕಂಡ್ ಬಾ." ಒಳಗೆ ಸಾವಿರಾರು ಹುಳುಗಳು ಚರಚರ ಮೇಯುತ್ತಿದ್ದವು. ನನಗೆ ಅಳುವೇ ಬಂದುಬಿಟ್ಟಿತು.

ದೀಪಾವಳಿಗೆ ಊರಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಯಾರಾದರೂ ಕರೆಯಲಿ ಎಂದು ಕಾಯುತ್ತ ಹೊರಗೇ ನಿಂತೆ. ಅವ್ವ ಬಂದವಳು ಗಾಬರಿಯಿಂದ ನೋಡಿದಳು.

"ಯಾಕವಾ, ಬೀಗರ ಗತೆ ಹೊರಗ ನಿಂತೀ? ನಿನ್ನ ಮನಿ ಅಲ್ಲೇನಿದು?"

ಹೌದು ಎನ್ನಲು ಒಂದು ಕ್ಷಣ ತಡವಾಯಿತು. ಅದು ಅವ್ವನಿಗೂ ಗೊತ್ತಾಯಿತು.