ಇಪ್ಪತ್ತು ಮಾರು ಆಳದ ಬೆಳಕು

ವಾಮನಣ್ಣ ಮೀನು ತಿನ್ನುತ್ತಿರಲಿಲ್ಲ. ಹುಟ್ಟಿದ್ದು ಮಲ್ಪೆ ಕಡೆಯ, ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ. ಹೆಂಡತಿ ಶಾರದಕ್ಕ ಬಂಗುಡೆ ಹುರಿದರೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಇಡೀ ಮಹಡಿಗೆ ಹಸಿವಾಗುತ್ತಿತ್ತು. ಅವರು ಮಾತ್ರ ಸಾರು, ಅನ್ನ, ಉಪ್ಪಿನಕಾಯಿಯಲ್ಲಿ ಊಟ ಮುಗಿಸುವರು. ಕೇಳಿದರೆ ಒಂದೇ ಉತ್ತರ: "ಅವು ಯಾರನ್ನ ತಿಂದು ಬಂದಿದ್ದಾವೋ, ಯಾರಿಗೆ ಗೊತ್ತು ಮಾರಾಯಾ?" ಹೇಳಿ ನಗುತ್ತಿದ್ದರು. ಹಾಗಾಗಿ ನಾವೂ ನಗುತ್ತಿದ್ದೆವು.

ಬೆಳಿಗ್ಗೆ ನಾವಿಬ್ಬರೂ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ಸೀಟು ಸಿಕ್ಕಿದರೆ ಮುದುಕರನ್ನು ಕರೆದು ಕೂರಿಸುವರು, ಬಾಗಿಲಲ್ಲಿ ನೇತಾಡುವ ಹುಡುಗರನ್ನು ಕಾಲರು ಹಿಡಿದು ಒಳಗೆಳೆಯುವರು. ಮುಂಬ್ರಾದ ಹತ್ತಿರ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಕಾಣತೊಡಗಿದರೆ ಮಾತು ನಿಲ್ಲಿಸಿ ಆ ಕಡೆಗೆ ಬೆನ್ನು ಹಾಕುವರು. ಅದೂ ಒಂದು ಅಭ್ಯಾಸ ಅಂದುಕೊಂಡಿದ್ದೆ.

ಐರೋಲಿಯ ಒಂದು ಆಫೀಸಿನಲ್ಲಿ ಕುರ್ಚಿ, ಎಸಿ, ಕ್ಯಾಂಟೀನು ನೋಡಿಕೊಳ್ಳುವುದು ಅವರ ಕೆಲಸ. ಆ ಆಫೀಸು ಮುಚ್ಚಿದಾಗ ಬಾಗಿಲ ಬಳಿ ಇದ್ದ ಉಪ್ಪುನೀರಿನ ಸಣ್ಣ ಗಾಜಿನ ತೊಟ್ಟಿ ಯಾರಿಗೂ ಬೇಡವಾಯಿತು. ಅದರೊಳಗೆ ಜೀವಂತ ಹವಳಗಳಿದ್ದವು, ಬೆರಳು ಬಿಚ್ಚಿದಂತೆ ಬಿಚ್ಚಿ, ಮುಟ್ಟಿದರೆ ಮುದುಡುವಂಥವು. ಚರಂಡಿಗೆ ಸುರಿಯಿರಿ ಎಂದರಂತೆ ಮೇಲಿನವರು. ವಾಮನಣ್ಣ ಟೆಂಪೋದಲ್ಲಿ ಮನೆಗೆ ತಂದರು. ದಾರಿಯಲ್ಲಿ ಅದರ ದೀಪ ಒಡೆಯಿತು. ಬೆಳಕಿಲ್ಲದೆ ಹವಳ ಉಪವಾಸ ಬೀಳುತ್ತದೆ. ನಾನು ಬಲ್ಬಿನ ಕಂಪನಿಯ ಸೇಲ್ಸಿನವನಾದ್ದರಿಂದ ನನ್ನನ್ನು ಕರೆದರು.

"ಇದಕ್ಕ ನಮ್ಮ ಮನೀ ಬಲ್ಬು ನಡೆಯಂಗಿಲ್ರೀ," ಎಂದು ಠಾಣೆಯ ಅಕ್ವೇರಿಯಂ ಅಂಗಡಿಗೆ ಕರೆದೊಯ್ದೆ.

ಅಂಗಡಿಯವನು ತಾಳ್ಮೆಯಿಂದ ವಿವರಿಸಿದ. ಬಿಳಿ ಬೆಳಕು ಹೆಚ್ಚಾಗಿ ನಮ್ಮ ಕಣ್ಣಿಗೆ, ನೀಲಿ ಬೆಳಕು ಹವಳದ ಹೊಟ್ಟೆಗೆ. ಸಣ್ಣ ತೊಟ್ಟಿಗೆ ದೊಡ್ಡ ದೀಪ ಹಾಕಿದರೆ ಹವಳ ಸುಟ್ಟುಹೋಗುತ್ತದೆ. ಮಂದವಾಗಿ ಶುರುಮಾಡಿ ಮೆಲ್ಲಗೆ ಏರಿಸಬೇಕು. ಎರಡು ಬಣ್ಣವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ದೀಪವೊಂದನ್ನು ತೋರಿಸಿದ. ವಾಮನಣ್ಣ ಅದರ ಗುಂಡಿ ತಿರುಗಿಸುತ್ತ ಕೇಳಿದರು: "ಇಸ್‌ಮೇ ಬೀಸ್ ಮಾರು ನೀಚೇ ಕಾ ಲೈಟ್ ಆತಾ ಹೈ ಕ್ಯಾ?"

ಮಾರು ಎಂದರೇನೆಂದು ಅವನಿಗೆ ತಿಳಿಯಲಿಲ್ಲ. ವಾಮನಣ್ಣ ಎರಡೂ ಕೈ ಅಗಲಿಸಿ, ಇಂಥವು ಇಪ್ಪತ್ತು, ಅಷ್ಟು ಆಳದ ಬೆಳಕು ಇದರಲ್ಲಿ ಬರುತ್ತದೆಯೇ ಎಂದು ತೋರಿಸಿದರು.

"ಕಾಕಾ, ಉತ್ನೇ ಅಂಧೇರೇ ಮೇ ಯೇ ವಾಲಾ ಕೋರಲ್ ಮರ್ ಜಾಯೇಗಾ." ಅಷ್ಟು ಕತ್ತಲಲ್ಲಿ ಈ ಜಾತಿಯ ಹವಳ ಸಾಯುತ್ತದೆ ಎಂದ.

ಅವರು ಆ ದೀಪವನ್ನೇ ಕೊಂಡರು. ವಾಪಸು ಬರುವಾಗ, ರೈಲಿನಲ್ಲಿ, ನಾನು ಕೇಳದೆಯೇ ಹೇಳಿದರು.

"ನನ್ನ ತಮ್ಮ ಸದಾನಂದ ಇಪ್ಪತ್ತು ಮಾರು ನೀರಲ್ಲಿ ಹೋದದ್ದು. ದೋಣಿ ಮಗುಚಿತು. ಉಳಿದವರು ಈಜಿ ಬಂದ್ರು. ಇವ ಬರ್ಲಿಲ್ಲ, ಹೆಣವೂ ಬರ್ಲಿಲ್ಲ. ನಾನು ಆಗ ಇಲ್ಲಿ ಹೋಟ್ಲಲ್ಲಿದ್ದೆ. ಅಮ್ಮ ಸಾಯುವವರೆಗೆ ಕೇಳಿದ್ದು ಒಂದೇ, 'ಅಲ್ಪ ಬೊಲ್ಪು ಉಂಡಾ ಮಗಾ?' ಅಲ್ಲಿ ಬೆಳಕು ಉಂಟಾ ಅಂತ. ನಾನು ಎಂತ ಹೇಳುದು?"

ದೀಪ ಹಾಕಿದ ಮೇಲೆ ಬಿಳಿಯನ್ನು ಪೂರ್ತಿ ಆರಿಸಿ, ನೀಲಿಯನ್ನು ಕಂಡೂ ಕಾಣದಷ್ಟು ಇಟ್ಟರು. ಸಂಜೆ ಮನೆಯ ಲೈಟೆಲ್ಲ ಆರಿಸಿ ಅದರ ಮುಂದೆ ಸ್ಟೂಲು ಹಾಕಿ ಕೂರುವರು. ಒಂದು ದಿನ ನಾನೂ ಕುಳಿತೆ. ಮಸುಕು ನೀಲಿಯಲ್ಲಿ ಕಲ್ಲು ಯಾವುದು, ಹವಳ ಯಾವುದು ತಿಳಿಯುತ್ತಿರಲಿಲ್ಲ.

"ಇಷ್ಟ್ ಕತ್ತಲದಾಗ ಏನ್ ಕಾಣ್ತದರೀ ವಾಮನಣ್ಣ?"

"ಕಾಣ್ತದೆ. ಕಣ್ಣು ಹೊಂದಿಕೊಳ್ಬೇಕು."

ಹವಳಗಳು ಹೊಂದಿಕೊಳ್ಳಲಿಲ್ಲ. ಬಿಚ್ಚುವುದನ್ನು ನಿಲ್ಲಿಸಿದವು, ಕುಗ್ಗಿದವು, ಒಂದೊಂದಾಗಿ ಸುಣ್ಣದ ಕಲ್ಲಾದವು. ಅಂಗಡಿಯವನಿಗೆ ಫೋನು ಮಾಡಿ ನಾನು ಅವನ ಮಾತನ್ನೇ ವಾಮನಣ್ಣನಿಗೆ ತಿರುಗಿ ಹೇಳಿದೆ. ಕೇಳಲಿಲ್ಲ. ಊಟ ಬಿಟ್ಟರು. ಕೊನೆಗೆ ಶಾರದಕ್ಕ ನನ್ನೆದುರಿಗೇ ಹೋಗಿ ಎರಡೂ ಗುಂಡಿ ತಿರುಗಿಸಿ ಬೆಳಕು ಏರಿಸಿದರು.

"ಇಷ್ಟು ಬೆಳಕು ಅಲ್ಲಿಲ್ಲ ಶಾರದಾ," ಅಂದರು ವಾಮನಣ್ಣ.

"ಇಲ್ಲದಿದ್ರೆ ಇಲ್ಲ. ಅವ ಸತ್ತಿದ್ದಾನೆ. ಇವು ಇನ್ನೂ ಸತ್ತಿಲ್ಲ, ನೀವೂ ಸತ್ತಿಲ್ಲ."

ವಾಮನಣ್ಣ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ದೊಡ್ಡ ಆಳು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಶಾರದಕ್ಕ ಅವರ ತಲೆಯನ್ನು ಹೊಟ್ಟೆಗೊತ್ತಿಕೊಂಡು ನಿಂತರು. ನಾನು ಎದ್ದು ಬಂದೆ.

ಮೂಲೆಯ ಎರಡು ಹವಳ ಉಳಿದವು. ಕೆಲವು ವಾರಗಳ ನಂತರ ವಾಮನಣ್ಣ ನಮ್ಮ ಬಾಗಿಲಿಗೆ ಬಂದರು, ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ. "ಸದಾನಂದನ ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಮಾಡಿಯೇ ಇಲ್ಲ ನಾವು. ಹೆಣ ಸಿಗದೆ ಕ್ರಿಯೆ ಹೇಗೆ ಅಂತ ಅಮ್ಮ ಬಿಡ್ಲಿಲ್ಲ. ಈಗ ಊರಿಗೆ ಹೋಗಿ ಮುಗಿಸಿ ಬರ್ತೇನೆ. ತೊಟ್ಟಿ ಸ್ವಲ್ಪ ನೋಡಿಕೋ. ಲೈಟು ಮುಟ್ಬೇಡ, ಈಗ ಸರಿ ಉಂಟು."

ಹೊರಡುವ ಹಿಂದಿನ ದಿನ, ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಅಣ್ಣತಮ್ಮಂದಿರಿಬ್ಬರ ಕ್ರಿಯೆಯೂ ಒಟ್ಟಿಗೇ ಆಗಲಿ ಎಂದರು ಶಾರದಕ್ಕ. ಕಲ್ಯಾಣದ ಖಾಡಿಯ ದಡದಲ್ಲಿ, ಖಾರಘರದಿಂದ ಬಂದಿದ್ದ ಮಗ ನಿತಿನ್ ಒದ್ದೆ ಪಂಚೆಯಲ್ಲಿ ಕುಳಿತಿದ್ದ. ಗಂಡಸರಷ್ಟೇ ಬಂದಿದ್ದೆವು. ಭಟ್ಟರು ಮರಾಠಿಯಲ್ಲಿ ಹೆಸರು ಕೇಳಿದರು. ನಿತಿನ್ ಅಪ್ಪನ ಹೆಸರು ಹೇಳಿದ.

"ಆಣಿ ದುಸರಂ ನಾವ್?" ಎಂದು ಎರಡನೆಯ ಹೆಸರು ಕೇಳಿದರು.

ನಿತಿನ್ ಸುತ್ತಲೂ ನೋಡಿ ನನ್ನ ಕಡೆ ಬಾಗಿದ.

"ಅಂಕಲ್, ಚಾಚಾ ಕಾ ನಾಮ್ ಕ್ಯಾ ಥಾ? ಪಪ್ಪಾನೇ ಕಭೀ ಬತಾಯಾ ನಹೀ."

ಹೇಳಿದೆ. ಅಪ್ಪ ತನಗೆ ಎಂದೂ ಹೇಳದಿದ್ದ ಚಿಕ್ಕಪ್ಪನ ಹೆಸರನ್ನು ಮೊದಲ ಸಲ ಬಾಯಲ್ಲಿ ಆಡಿ, ನಿತಿನ್ ಎರಡನೆಯ ಪಿಂಡಕ್ಕೆ ಎಳ್ಳುನೀರು ಬಿಟ್ಟ.